ಇಂಗ್ಲಿಷ್ ಪರೀಕ್ಷೆಗೆ ಜೊತೆಯಲ್ಲಿ ಕೂತು ಮಾತಾಡಲು ಒಂದು ಜಾಗ ಬೇಕು

ಸಂಪಾದಕರಿಗೆ,

ಮಾನ್ಯರೇ,

ಪದವಿ ಮುಗಿಸಿ ಹೊರದೇಶದಲ್ಲಿ ಮುಂದೆ ಓದಬೇಕೆಂಬ ಆಸೆಯಿಂದ ನಮ್ಮ ಕಲಬುರಗಿ ಜಿಲ್ಲೆಯ ಹಲವು ಯುವಕ ಯುವತಿಯರು ಈಚೆಗೆ ಕೇಂಬ್ರಿಡ್ಜ್‌ನ ‘ಬಿ2 ಫಸ್ಟ್’ ಎಂಬ ಇಂಗ್ಲಿಷ್ ಪರೀಕ್ಷೆಯ ಬಗ್ಗೆ ನನ್ನಲ್ಲಿ ವಿಚಾರಿಸುತ್ತಿದ್ದಾರೆ. ಕನ್ನಡ ಮಾಧ್ಯಮದ ಸರ್ಕಾರಿ ಪ್ರೌಢಶಾಲೆಗಳಲ್ಲಿ ಮೂವತ್ತೊಂದು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತನಾದವನು ನಾನು. ಅವರು ಈ ಪರೀಕ್ಷೆಗೆ ತಯಾರಾಗುತ್ತಿರುವ ರೀತಿ ಕಂಡು ಸಂಕಟವಾಗಿ ಈ ಪತ್ರ ಬರೆಯುತ್ತಿದ್ದೇನೆ.

ಮೊದಲಿಗೆ, ತಾವು ಬರೆಯಲಿರುವುದು ಯಾವ ಪರೀಕ್ಷೆ ಎಂಬುದೇ ಹಲವರಿಗೆ ಸ್ಪಷ್ಟವಿಲ್ಲ. ಯುರೋಪಿನ ಭಾಷಾ ಚೌಕಟ್ಟಿನಲ್ಲಿ ಎ1ರಿಂದ ಸಿ2ರವರೆಗೆ ಆರು ಹಂತಗಳಿದ್ದು, ಬಿ2 ಎಂಬುದು ನಾಲ್ಕನೆಯದು. ಐಇಎಲ್‌ಟಿಎಸ್ ಎಂಬ ಬೇರೊಂದು ಇಂಗ್ಲಿಷ್ ಪರೀಕ್ಷೆಯ ಪುಸ್ತಕ ತಂದು ಬಿ2 ಫಸ್ಟ್‌ಗೆ ಓದುತ್ತಿದ್ದವರನ್ನು ನಾನೇ ಕಂಡಿದ್ದೇನೆ. ಐಇಎಲ್‌ಟಿಎಸ್‌ನಲ್ಲಿ ಧ್ವನಿಮುದ್ರಣವನ್ನು ಒಂದೇ ಸಲ ಕೇಳಿಸುತ್ತಾರೆ, ಫಲಿತಾಂಶವೂ ಸಾಮಾನ್ಯವಾಗಿ ಎರಡು ವರ್ಷ ಮಾತ್ರ ಸಲ್ಲುತ್ತದೆ. ಬಿ2 ಫಸ್ಟ್‌ನಲ್ಲಿ ಎರಡು ಸಲ ಕೇಳಿಸುತ್ತಾರೆ, ಪ್ರಮಾಣಪತ್ರಕ್ಕೆ ಅವಧಿಯ ಮಿತಿ ಇಲ್ಲ. ಸೇರಬಯಸುವ ವಿಶ್ವವಿದ್ಯಾಲಯ ಯಾವುದನ್ನು ಒಪ್ಪುತ್ತದೆ ಎಂದು ಅದರ ಜಾಲತಾಣದಲ್ಲೇ ನೋಡಿ ಖಚಿತಪಡಿಸಿಕೊಂಡು ಆಮೇಲೆ ಶುಲ್ಕ ಕಟ್ಟಬೇಕೆಂದು ಪೋಷಕರಲ್ಲಿ ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಇನ್ನು ಕೆಲವು ತರಬೇತಿ ತರಗತಿಗಳವರು ಕೊಡುವ ‘ಮೂವತ್ತು ದಿನಗಳಲ್ಲಿ ಬಿ2’ ಎಂಬ ಭರವಸೆಯ ವಿಚಾರ. ಅಕ್ಷರದಿಂದ ಆರಂಭಿಸಿದವರು ಬಿ2 ತಲುಪಲು ಸುಮಾರು 500ರಿಂದ 600 ಗಂಟೆಗಳ ಕಲಿಕೆ ಬೇಕೆಂಬುದು ಕೇಂಬ್ರಿಡ್ಜ್‌ನವರದೇ ಅಂದಾಜು. ಬಿ1 ಮಟ್ಟದಲ್ಲಿ ಗಟ್ಟಿಯಾಗಿ ನಿಂತವರಿಗೂ ಇನ್ನೂ ಇನ್ನೂರು ಗಂಟೆ ಬೇಕು. ದಿನಕ್ಕೆ ಎರಡು ಗಂಟೆಯಂತೆ ಒಂದು ದಿನವೂ ತಪ್ಪದೆ ಓದಿದರೂ ಅದು ಮೂರು ತಿಂಗಳು ದಾಟುತ್ತದೆ. ಕಳೆದ ವರ್ಷ ನನ್ನ ಬಳಿ ಬಂದ ಒಬ್ಬ ಹುಡುಗಿ ಇಂಥ ಒಂದು ತರಗತಿಗೆ ದುಡ್ಡು ಕಟ್ಟಿ ಬಂದಿದ್ದಳು. ಪರಿಸರ, ಮೊಬೈಲು, ಕ್ರೀಡೆ ಎಂದು ವಿಷಯವಾರು ಬರೆದಿಟ್ಟ ಪ್ರಬಂಧಗಳ ಜೆರಾಕ್ಸ್ ಕಟ್ಟೊಂದನ್ನು ಕೊಟ್ಟು ಬಾಯಿಪಾಠ ಮಾಡಲು ಅಲ್ಲಿ ಹೇಳಿದ್ದರಂತೆ. ಆ ಕಟ್ಟಿನ ಪ್ರತಿ ಪ್ರಬಂಧವೂ ಮುನ್ನೂರು ಪದ ಮೀರಿತ್ತು, ಪರೀಕ್ಷೆಯಲ್ಲಿ ಕೇಳುವುದು 140ರಿಂದ 190 ಪದ. ಎಂಬತ್ತು ನಿಮಿಷದಲ್ಲಿ ಅಂಥ ಎರಡು ಬರಹ ಬರೆಯಬೇಕು. ಮೊದಲನೆಯ ಪ್ರಬಂಧ ಕಡ್ಡಾಯ, ಎರಡನೆಯದು ಪತ್ರ, ವರದಿ, ವಿಮರ್ಶೆ ಅಥವಾ ಲೇಖನ, ಆ ಸಲ ಕೊಟ್ಟಿರುವುದರಲ್ಲಿ ನಾವು ಆರಿಸಿಕೊಂಡದ್ದು. ಕೇಳಿದ್ದಕ್ಕೆ ಉತ್ತರವಿದೆಯೇ, ಓದುವವರಿಗೆ ತಕ್ಕ ಧಾಟಿಯಿದೆಯೇ ಎಂಬುದಕ್ಕೂ ಅಂಕವಿರುವಾಗ, ಬೇರೆ ಯಾರೋ ಬರೆದದ್ದನ್ನು ಉರು ಹೊಡೆದವಳು ಏನು ಮಾಡಬೇಕು?

ಇದಕ್ಕಿಂತಲೂ ದೊಡ್ಡ ಕೊರತೆ ಮಾತಿನ ಭಾಗದ ತಯಾರಿಯಲ್ಲಿದೆ. ಹದಿನಾಲ್ಕು ನಿಮಿಷದ ಆ ಭಾಗಕ್ಕೆ ಅಭ್ಯರ್ಥಿಗಳನ್ನು ಸಾಮಾನ್ಯವಾಗಿ ಇಬ್ಬಿಬ್ಬರಾಗಿ ಕರೆಯುತ್ತಾರೆ. ಎದುರಿಗೆ ಇಬ್ಬರು ಪರೀಕ್ಷಕರಿದ್ದು, ಒಬ್ಬರು ಮಾತಾಡಿಸುತ್ತಾರೆ, ಇನ್ನೊಬ್ಬರು ಸುಮ್ಮನೆ ಕೂತು ಅಂಕ ಬರೆದುಕೊಳ್ಳುತ್ತಾರೆ. ಮೂರನೆಯ ಹಂತದಲ್ಲಿ ಅಭ್ಯರ್ಥಿಗಳಿಬ್ಬರೂ ಒಂದು ವಿಷಯವನ್ನು ತಮ್ಮತಮ್ಮಲ್ಲೇ ಚರ್ಚಿಸಿ ತೀರ್ಮಾನಕ್ಕೆ ಬರಲು ಯತ್ನಿಸಬೇಕು, ಪಕ್ಕದವರ ಮಾತಿಗೆ ಹೇಗೆ ಸ್ಪಂದಿಸಿದರು ಎಂಬುದನ್ನೂ ಅಲ್ಲಿ ಅಳೆಯುತ್ತಾರೆ. ಸೇಡಂನ ಒಬ್ಬಳನ್ನೂ ಆಳಂದದ ಒಬ್ಬಳನ್ನೂ ನಮ್ಮ ಮನೆಯ ಪಡಸಾಲೆಯಲ್ಲಿ ಕೂರಿಸಿ, ಊರ ಗ್ರಂಥಾಲಯಕ್ಕೆ ಹೆಚ್ಚು ಜನ ಬರುವಂತೆ ಏನು ಮಾಡಬಹುದು ಎಂಬ ಪ್ರಶ್ನೆ ಕೊಟ್ಟೆ. ಸೇಡಂನವಳು ಉಸಿರು ತೆಗೆದುಕೊಳ್ಳದೆ ಎರಡು ನಿಮಿಷ ಒಪ್ಪಿಸಿದಳು, ಆಳಂದದವಳು ತನ್ನ ಬಳೆ ತಿರುವುತ್ತಾ ಕೂತಿದ್ದಳು. ಆಮೇಲೆ ಸೇಡಂನವಳೇ ಸಣ್ಣ ಮುಖ ಮಾಡಿ, “ಸರ, ನಂಗ ಗೊತ್ತಿದ್ದಿದ್ದೆಲ್ಲಾ ನಾನೇ ಹೇಳಿಬಿಟ್ಟೆರಿ, ಆಕಿಗಿ ಹೇಳ್ಲಾಕ ಏನೂ ಉಳಿಲಿಲ್ರಿ” ಎಂದಳು. ಮೂರು ವಾರ ಕಳೆದ ಮೇಲೆ ಅದೇ ಹುಡುಗಿ ನಡುವೆ ನಿಲ್ಲಿಸಿ, “ವಾಟ್ ಡು ಯು ಥಿಂಕ್?” ಎಂದು ಕೇಳಿ, ಉತ್ತರಕ್ಕಾಗಿ ನಿಜಕ್ಕೂ ಕಾದಳು. ಗ್ರಂಥಾಲಯ ರಾತ್ರಿಯವರೆಗೆ ತೆರೆದಿದ್ದರೂ ಊರಿಗೆ ಕೊನೆಯ ಬಸ್ಸು ತಪ್ಪಿದರೆ ಹಳ್ಳಿಯ ಹುಡುಗಿಯರಿಗೆ ಏನು ಉಪಯೋಗವೆಂದು ಆಳಂದದವಳು ತಡವರಿಸುತ್ತಲೇ ಇಂಗ್ಲಿಷಿನಲ್ಲಿ ವಾದಿಸಿದಳು. ವ್ಯಾಕರಣದ ತಪ್ಪುಗಳಿದ್ದವು, ಆದರೂ ಅದು ಸಂಭಾಷಣೆಯಾಗಿತ್ತು.

ನಮ್ಮ ಮಕ್ಕಳು ಬರಿಗೈಯಲ್ಲಿ ಬರುವುದಿಲ್ಲ ಎಂಬುದನ್ನೂ ಹೇಳಲೇಬೇಕು. ಸೂಪರ್ ಮಾರ್ಕೆಟ್ ಎಂಬ ನಮ್ಮ ಪೇಟೆಯ ಒಂದೇ ಅಂಗಡಿಯಲ್ಲಿ ಕನ್ನಡ, ಉರ್ದು, ಮರಾಠಿ, ತೆಲುಗುಗಳ ನಡುವೆ ಸಲೀಸಾಗಿ ದಾಟಾಡುವ ಊರು ನಮ್ಮದು. ಕೊಟ್ಟ ಪದವನ್ನು ಬಳಸಿ ಅದೇ ಅರ್ಥ ಬರುವಂತೆ ವಾಕ್ಯವನ್ನು ಬದಲಿಸಿ ಬರೆಯುವ ಪ್ರಶ್ನೆಗಳಿಗೆ ವಿದ್ಯಾರ್ಥಿಗಳು ಬಹಳ ಹೆದರುತ್ತಾರೆ. “ಎರಡು ವರ್ಷದಿಂದ ಅವನನ್ನು ನೋಡಿಲ್ಲ” ಎನ್ನುವುದನ್ನೇ “ಅವನನ್ನು ನೋಡಿ ಎರಡು ವರ್ಷವಾಯಿತು” ಎಂದು ನಾವು ದಿನವೂ ಹೇಳುತ್ತೇವಲ್ಲವೇ? ಮೊದಲನೆಯದು “ಐ ಹ್ಯಾವಂಟ್ ಸೀನ್ ಹಿಮ್ ಫಾರ್ ಟೂ ಇಯರ್ಸ್”, ಎರಡನೆಯದು “ಇಟ್ ಈಸ್ ಟೂ ಇಯರ್ಸ್ ಸಿನ್ಸ್ ಐ ಸಾ ಹಿಮ್”. ಹೀಗೆ ಕನ್ನಡದ ಜೋಡಿ ವಾಕ್ಯವನ್ನು ಮೊದಲು ಹಲಗೆಯ ಮೇಲೆ ಬರೆದು ತೋರಿಸಿದರೆ ಹೆದರಿಕೆ ಅರ್ಧ ಕಳೆಯುತ್ತದೆ. ಬಡವನಿಂದ ಬಡತನ, ಜಾಣನಿಂದ ಜಾಣತನ ಮಾಡುವವರಿಗೆ ‘ಪೂರ್’ ಎಂಬುದರಿಂದ ‘ಪಾವರ್ಟಿ’ ಮಾಡುವ ಪ್ರಶ್ನೆ ಏನನ್ನು ಕೇಳುತ್ತಿದೆ ಎಂಬುದು ಸುಲಭವಾಗಿ ತಿಳಿಯುತ್ತದೆ. ಇಂಗ್ಲಿಷ್ ತರಗತಿಯಲ್ಲಿ ಕನ್ನಡ ಮಾತಾಡಿದರೆ ದಂಡ ಹಾಕುವ ಪದ್ಧತಿಯನ್ನು ನಾನು ಒಪ್ಪದಿರುವುದು ಇದೇ ಕಾರಣಕ್ಕೆ.

ಮಾದರಿ ಪ್ರಶ್ನೆಪತ್ರಿಕೆಗಳು ಕೇಂಬ್ರಿಡ್ಜ್‌ನ ಜಾಲತಾಣದಲ್ಲಿ ಉಚಿತವಾಗಿವೆ, ಆಲಿಸುವ ಅಭ್ಯಾಸದ ಪಾಠಗಳು ಬ್ರಿಟಿಷ್ ಕೌನ್ಸಿಲ್‌ನ ಜಾಲತಾಣದಲ್ಲಿ ದೊರೆಯುತ್ತವೆ. ಇಲ್ಲಿ ಇಲ್ಲದಿರುವುದು ವಾರಕ್ಕೆರಡು ಸಲ ಎದುರುಬದುರು ಕೂತು ಮಾತಾಡಲು ಒಂದು ಜಾಗ ಮತ್ತು ಕೇಳಿ ತಿದ್ದಲು ಒಬ್ಬರು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ, ಗ್ರಂಥಾಲಯ ಇಲಾಖೆ ಹಾಗೂ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆ ಜೊತೆಗೂಡಿ ಜಿಲ್ಲಾ ಗ್ರಂಥಾಲಯದಲ್ಲಿ, ತಾಲ್ಲೂಕು ಗ್ರಂಥಾಲಯಗಳಲ್ಲಿ ಹಾಗೂ ಸ್ಥಳಾವಕಾಶವಿರುವ ಗ್ರಾಮ ಪಂಚಾಯಿತಿ ಅರಿವು ಕೇಂದ್ರಗಳಲ್ಲಿ ಒಂದೊಂದು ಕೋಣೆಯನ್ನು ಇದಕ್ಕಾಗಿ ಬಿಟ್ಟುಕೊಡಬೇಕೆಂದು ವಿನಂತಿಸುತ್ತೇನೆ. ಮೌನವಾಗಿ ಓದುವವರಿಗೆ ತೊಂದರೆಯಾಗದಂತೆ ಬಾಗಿಲು ಹಾಕಬಹುದಾದ ಕೋಣೆ, ನಾಲ್ಕು ಕುರ್ಚಿ, ಒಂದೆರಡು ಹೆಡ್‌ಫೋನು ಇದ್ದರೆ ಸಾಕು. ಸಮಯ ಮಾತ್ರ ಮಧ್ಯಾಹ್ನ ಮೂರರಿಂದ ಐದರೊಳಗೆ ಇರಲಿ, ಬಸ್ಸಿನ ಮಾತು ಆ ಹುಡುಗಿಯರದೇ.

ಕಲಬುರಗಿ ನಗರದಲ್ಲಿ ಇಂಥ ಕೋಣೆ ತೆರೆದರೆ ಮಂಗಳವಾರ ಮತ್ತು ಶುಕ್ರವಾರ ನಾನು ಸಂಬಳವಿಲ್ಲದೆ ಬಂದು ಕೂರಲು ಸಿದ್ಧನಿದ್ದೇನೆ. ನನ್ನಂತೆ ನಿವೃತ್ತರಾದ ಇನ್ನೂ ಮೂವರು ಶಿಕ್ಷಕರು ತಮ್ಮ ದಿನಗಳನ್ನು ಈಗಾಗಲೇ ಹೇಳಿದ್ದಾರೆ.

ಇಂತಿ,
ನಿವೃತ್ತ ಇಂಗ್ಲಿಷ್ ಶಿಕ್ಷಕ, ಕಲಬುರಗಿ