ನಾರ್ವೆ ಒಕ್ಕೂಟದ ಒಳಗಿಲ್ಲ

ಸಂಪಾದಕರೇ,

ಯುರೋಪಿನ ಸುದ್ದಿ ಬರೆಯುವಾಗ ನಾರ್ವೆಯನ್ನೂ ಐರೋಪ್ಯ ಒಕ್ಕೂಟಕ್ಕೆ ಸೇರಿಸಿಬಿಡುವವರು ಜಾಸ್ತಿ. ಅದು ಸದಸ್ಯ ದೇಶವಲ್ಲ. 1972ರಲ್ಲಿ, ಮತ್ತೆ 1994ರಲ್ಲಿ ಅಲ್ಲಿನ ಜನ ಮತ ಹಾಕಿ ಬೇಡ ಎಂದಿದ್ದಾರೆ. ಎರಡನೇ ಸಲ ಬೇಡ ಎಂದವರು ಶೇ 52ರಷ್ಟು, ಅಷ್ಟೇ.

ಇಲ್ಲಿ ಬ್ರಸೆಲ್ಸ್‌ನಲ್ಲಿ ನನ್ನ ಜೊತೆ ಕೆಲಸ ಮಾಡುವ ನಾರ್ವೆಯವರೊಬ್ಬರಿದ್ದಾರೆ. ಈ ಮಾತು ಎತ್ತಿದರೆ ಸಾಕು, ಅವರ ತಟ್ಟೆಯ ಊಟ ಆರಿಹೋಗುತ್ತದೆ. ಒಕ್ಕೂಟದ ಮಾರುಕಟ್ಟೆಗೆ ನಾರ್ವೆಯನ್ನೂ ಸೇರಿಸಿಕೊಂಡ ಐರೋಪ್ಯ ಆರ್ಥಿಕ ವಲಯದ ಒಪ್ಪಂದ ಇರುವುದರಿಂದ ಅವರಿಗೆ ಕೆಲಸಕ್ಕೆ ವೀಸಾ ಬೇಕಿಲ್ಲ. ಆದರೆ ಐರೋಪ್ಯ ಸಂಸತ್ತಿಗೆ ಮತ ಹಾಕುವಂತಿಲ್ಲ. ಅವರ ದೇಶದ ಕಥೆಯೂ ಇದೇ ಅಲ್ವಾ? ಮಾರುಕಟ್ಟೆಯ ನಿಯಮ ಪಾಲಿಸಬೇಕು, ದುಡ್ಡೂ ಕೊಡಬೇಕು, ತೀರ್ಮಾನಿಸುವಾಗ ಕೂರಲು ಕುರ್ಚಿ ಇಲ್ಲ. ಸ್ವೀಡನ್ ಗಡಿಯಲ್ಲಿ ಕಾರಿನವರನ್ನು ಸಾಮಾನ್ಯವಾಗಿ ಯಾರೂ ತಡೆಯುವುದಿಲ್ಲ. ಮೀನಿನ ಲಾರಿ ಮಾತ್ರ ಕಸ್ಟಮ್ಸ್ ಕಾಗದ ತೋರಿಸಲೇಬೇಕು.

2025ರ ಜನವರಿಯಲ್ಲಿ ಒಕ್ಕೂಟದ ವಿದ್ಯುತ್ ನಿಯಮಗಳ ಜಗಳದಲ್ಲೇ ಮಿತ್ರಪಕ್ಷವಾಗಿದ್ದ ಸೆಂಟರ್ ಪಕ್ಷ ನಾರ್ವೆಯ ಸರ್ಕಾರ ಬಿಟ್ಟು ಹೊರಬಂತು. ಅದೇ ವರ್ಷದ ನವೆಂಬರ್‌ನಲ್ಲಿ ಒಕ್ಕೂಟ, ಉಕ್ಕು ತಯಾರಿಕೆಗೆ ಬಳಸುವ ನಾರ್ವೆಯ ಫೆರೋ ಮಿಶ್ರಲೋಹಗಳ ಆಮದಿಗೂ ಮಿತಿ ಹಾಕಿತು. ಇನ್ನು ಸೇರುವುದೇ ವಾಸಿ ಎನ್ನುತ್ತಾರೆ ನನ್ನ ಸಹೋದ್ಯೋಗಿ. ನಾನು ಪೂರ್ತಿ ಒಪ್ಪುವುದಿಲ್ಲ. ಮೀನು, ಬೇಸಾಯ ತಮ್ಮ ಕೈಯಲ್ಲೇ ಇರಲಿ ಎನ್ನುವ ಅಲ್ಲಿನ ಕರಾವಳಿಯವರ ಹಟ ಸುಮ್ನೆ ಹುಟ್ಟಿದ್ದಲ್ಲ.

ಅಂದಹಾಗೆ, 2024ರ ಮಾರ್ಚ್‌ನಲ್ಲಿ ಭಾರತ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿದ್ದು ನಾರ್ವೆ, ಸ್ವಿಟ್ಜರ್ಲೆಂಡ್ ಇರುವ ಎಫ್ಟಾ ಗುಂಪಿನ ಜೊತೆ, ಒಕ್ಕೂಟದ ಜೊತೆಯಲ್ಲ. ವರದಿಗಳಲ್ಲಿ ಎರಡನ್ನೂ ಬೇರೆ ಬೇರೆಯಾಗಿ ಬರೆಯಿರಿ.

– ಬ್ರಸೆಲ್ಸ್‌ನ ಓದುಗ