ತಂದೆಯವರಿಗೆ ಕೆಲಸ ಕೊಟ್ಟ ಊರಿಗೆ ವಂದನೆಗಳು

ತಂದೆಯವರ ದಿವಸದ ಕಾರ್ಯಗಳು ಮುಗಿದು, ಬಂಧುಗಳು ತಮ್ಮ ತಮ್ಮ ಊರುಗಳಿಗೆ ಮರಳಿರುವ ಈ ಹೊತ್ತಿನಲ್ಲಿ, ಮಾನ್ವಿ ತಾಲ್ಲೂಕಿನ ನಮ್ಮ ಊರಿನ ಹಿರಿಯರಿಗೂ ನೆರೆಹೊರೆಯವರಿಗೂ, ರಾಯಚೂರಿನ ರಿಮ್ಸ್ ಆಸ್ಪತ್ರೆಯ ವೈದ್ಯರಿಗೂ ಶುಶ್ರೂಷಕಿಯರಿಗೂ, ಸಿಂಧನೂರು, ಲಿಂಗಸುಗೂರುಗಳಿಂದ ಪದಕ ಧರಿಸಿ ಬಂದು ಕೊನೆಯ ಸೆಲ್ಯೂಟ್ ಸಲ್ಲಿಸಿದ ಮಾಜಿ ಸೈನಿಕರಿಗೂ, ನಮ್ಮ ತಾಯಿಯವರ ಮತ್ತು ಮಕ್ಕಳೆಲ್ಲರ ಪರವಾಗಿ ಕೃತಜ್ಞತೆಗಳನ್ನು ಸಲ್ಲಿಸುತ್ತೇನೆ. ಹತ್ತಿ ಬಿಡಿಸಲು ಕೂಲಿಯಾಳು ಸಿಗದ ದಿನಗಳಲ್ಲಿ ಹೊಲದ ಕೆಲಸ ನಿಲ್ಲಿಸಿ ಬಂದವರು ಎಷ್ಟೋ ಮಂದಿ. ಅದರ ಬೆಲೆ ರೈತರ ಮನೆಯಲ್ಲಿ ಹುಟ್ಟಿದ ನಮಗೆ ಗೊತ್ತಿದೆ.

ಆದರೆ ಈ ಊರಿಗೆ ನಾವು ಹೇಳಬೇಕಾದ ದೊಡ್ಡ ಕೃತಜ್ಞತೆ ಇನ್ನೊಂದಿದೆ. ತಂದೆಯವರು ಬೆಂಗಳೂರಿನ ಸೈನ್ಯದ ಎಂಜಿನಿಯರ್ ದಳವಾದ ಮದ್ರಾಸ್ ಎಂಜಿನಿಯರ್ ಗ್ರೂಪಿನಿಂದ ಹವಾಲ್ದಾರರಾಗಿ ನಿವೃತ್ತರಾಗಿ ಬಂದಾಗ ಅವರಿಗಿನ್ನೂ ಐವತ್ತು ತುಂಬಿರಲಿಲ್ಲ. ಸೈನ್ಯವು ತನ್ನ ಜವಾನರನ್ನು ದುಡಿಯುವ ವಯಸ್ಸಿನಲ್ಲಿಯೇ ಮನೆಗೆ ಕಳುಹಿಸುತ್ತದೆ. ಹಾಗೆ ಬಂದವರಲ್ಲಿ ಕೆಲವರು ಮಾಡಲು ಕೆಲಸವಿಲ್ಲದೆ, ಹೇಳಿದ್ದನ್ನು ಕೇಳುವವರಿಲ್ಲದೆ ಕುಗ್ಗಿಹೋದದ್ದನ್ನು ನಾವು ಕಂಡಿದ್ದೇವೆ. ನಮ್ಮ ತಂದೆಯವರಿಗೆ ಹಾಗಾಗಲಿಲ್ಲ, ಏಕೆಂದರೆ 'ಮಿಲ್ಟ್ರಿ ಮಾವ' ಎಂದು ಕರೆಯುತ್ತ ನೀವು ಅವರನ್ನು ಒಂದು ದಿನವೂ ಸುಮ್ಮನೆ ಕೂರಗೊಡಲಿಲ್ಲ.

1971ರ ಡಿಸೆಂಬರಿನ ಯುದ್ಧದಲ್ಲಿ ಶಕರ್‌ಗಢ ವಲಯದ ಬಸಂತರ್ ನದಿಯ ಬಳಿ, ಟ್ಯಾಂಕುಗಳು ಮುಂದೆ ಸಾಗಲು ಶತ್ರು ನೆಲದಲ್ಲಿ ಹೂತಿಟ್ಟ ಮೈನುಗಳೆಂಬ ಸಿಡಿಗುಂಡುಗಳನ್ನು ತೆಗೆದು ದಾರಿ ಮಾಡಿದವರಲ್ಲಿ ಅವರೂ ಒಬ್ಬರಾಗಿದ್ದರು. ಆ ಕಥೆಯನ್ನು ಕೇಳಿದವರಿಗೆಲ್ಲ ಅವರು ಹೇಳುತ್ತಿದ್ದದ್ದು ಶೌರ್ಯದ ಮಾತಲ್ಲ, ಕೆಲಸದ ಮಾತು: ನೆಲಕ್ಕೆ ಸಲಾಕೆಯನ್ನು ಓರೆಯಾಗಿ ಚುಚ್ಚಬೇಕು, ನೇರವಾಗಿ ಚುಚ್ಚಿದರೆ ಮೈನಿನ ನೆತ್ತಿಯ ಮೇಲೆಯೇ ಒತ್ತಿದಂತಾಗುತ್ತದೆ. ಮುಂದೆ ಮೂರು ದಶಕಗಳ ಕಾಲ ಅವರು ಊರಿನವರ ಕಾಗದಪತ್ರಗಳನ್ನು ಓದಿದ್ದು ಅದೇ ರೀತಿಯಲ್ಲಿ. ಪೆನ್ಸಿಲಿನ ತುದಿಯನ್ನು ಪ್ರತಿ ಸಾಲಿನ ಕೆಳಗೆ ನಿಧಾನವಾಗಿ ಸರಿಸುತ್ತ, ಎಲ್ಲಿ ಏನು ಅಡಗಿದೆಯೆಂದು ಹುಡುಕುತ್ತಿದ್ದರು.

ಸೈನಿಕರ ವಿಧವೆಯರ ಕುಟುಂಬ ಪಿಂಚಣಿ ಸಿಕ್ಕಿಹಾಕಿಕೊಳ್ಳುವುದು ಬಹುಮಟ್ಟಿಗೆ ಹೆಸರಿನಲ್ಲಿ. ಮನೆಯಲ್ಲಿ ಹನುಮವ್ವ, ಆಧಾರ್‌ನಲ್ಲಿ ಹನುಮಂತಮ್ಮ, ಗಂಡನಿಗೆ ಸೈನ್ಯ ಬಿಡುವಾಗ ಕೊಟ್ಟ ಡಿಸ್ಚಾರ್ಜ್ ಬುಕ್‌ನಲ್ಲಿ ಮತ್ತೊಂದು ಹೆಸರು, ಹುಟ್ಟಿದ ತಾರೀಖಂತೂ ಯಾವುದಕ್ಕೂ ಹೊಂದುವುದಿಲ್ಲ. ಮದುವೆ, ಮಕ್ಕಳ ಜನನಗಳನ್ನು ದಾಖಲಿಸುವ ಪಾರ್ಟ್ ಟೂ ಆರ್ಡರ್ ಆಗಿದೆಯೇ, ಪಿಂಚಣಿ ಆದೇಶವಾದ ಪಿಪಿಒದಲ್ಲಿ ಹೆಂಡತಿಯ ಹೆಸರು ಬಂದಿದೆಯೇ ಎಂದು ಗಂಡ ಬದುಕಿರುವಾಗಲೇ ನೋಡಿಕೊಳ್ಳಬೇಕೆಂದು ಅವರು ಪ್ರತಿ ಮಾಜಿ ಸೈನಿಕನಿಗೂ ಬೇಸರ ಬರುವಷ್ಟು ಹೇಳುತ್ತಿದ್ದರು. ಅಫಿಡವಿಟ್ ಮಾಡಿಸಿ, ಬೆಂಗಳೂರಿನ ರೆಕಾರ್ಡ್ ಆಫೀಸಿಗೆ ಪತ್ರ ಬರೆದು, ಉತ್ತರ ಬಾರದಿದ್ದರೆ ಮತ್ತೆ ಬರೆಯುತ್ತಿದ್ದರು. ಪಿಂಚಣಿಯ ವ್ಯವಹಾರವೆಲ್ಲ ರಕ್ಷಣಾ ಇಲಾಖೆಯ ಆನ್‌ಲೈನ್ ಪಿಂಚಣಿ ವ್ಯವಸ್ಥೆಯಾದ 'ಸ್ಪರ್ಶ್' ಪೋರ್ಟಲ್‌ಗೆ ಹೋದ ಮೇಲೆ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಮೊಮ್ಮಗಳಿಂದ ಮೊಬೈಲಿನಲ್ಲಿ ಅದನ್ನೂ ಕಲಿತರು. ಇದಕ್ಕೆ ಯಾರಿಂದಲೂ ಒಂದು ಕಪ್ ಚಹಾಕ್ಕಿಂತ ಹೆಚ್ಚಿನದನ್ನು ತೆಗೆದುಕೊಂಡವರಲ್ಲ. ಮನೆಗೆ ಕೊಡಬೇಕಾದ ಸಮಯವನ್ನೆಲ್ಲ ಊರಿಗೆ ಕೊಟ್ಟರೆಂಬ ತಾಯಿಯವರ ಆಕ್ಷೇಪಣೆ ಪೂರ್ತಿ ಸುಳ್ಳೂ ಅಲ್ಲ. ಆದರೆ ಮೂವರು ಮಕ್ಕಳ ಶಾಲೆಯ ಶುಲ್ಕ ಒಮ್ಮೆಯೂ ತಡವಾಗಲಿಲ್ಲ ಎನ್ನುವುದನ್ನೂ ಅವರೇ ಹೇಳುತ್ತಾರೆ.

ಇನ್ನುಳಿದ ಸೇವೆ ನಿಮಗೆ ತಿಳಿದದ್ದೇ. 2009ರ ನೆರೆಯಲ್ಲಿ ಖಾಲಿ ಡ್ರಮ್ಮುಗಳಿಗೆ ಬಿದಿರು ಕಟ್ಟಿ ತೆಪ್ಪ ಮಾಡಿದ್ದರು. ಆ ಗಂಟುಗಳನ್ನು ಹಾಕಲು ಕಲಿತ ಹುಡುಗರೇ ಇಂದು ಊರಿನ ಪಂಚಾಯಿತಿ ಸದಸ್ಯರಾಗಿದ್ದಾರೆ. ತುಂಗಭದ್ರಾ ಎಡದಂಡೆ ನಾಲೆ 220 ಕಿಲೋಮೀಟರಿಗೂ ಮಿಕ್ಕಿ ಹರಿದು ಬರುವಷ್ಟರಲ್ಲಿ ಕೊನೆಯ ಭಾಗದ ನಮಗೆ ಉಳಿಯುವ ನೀರು ಎಷ್ಟೆಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಗ್ಯಾಂಗ್‌ಮನ್‌ಗಳೊಂದಿಗೆ ನಡೆದು ನಾಲೆಯ ನೀರಿನ ಮಟ್ಟ ತೋರುವ ಗೇಜ್ ನೋಡಿ ಬರುವುದು, ಉಪಕಾಲುವೆಯ ಹೂಳು ತೆಗೆಸಲು ಜನರನ್ನು ಕೂಡಿಸುವುದು ಅವರ ಪ್ರತಿ ವರ್ಷದ ಕೆಲಸವಾಗಿತ್ತು. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ ನೀರು ಹೊರಬಿಡುವ 19ನೇ ಕ್ರಸ್ಟ್ ಗೇಟು ಕೊಚ್ಚಿಹೋದಾಗ, ಅದರ ಜಾಗದಲ್ಲಿ ತಾತ್ಕಾಲಿಕ ತಡೆಯಾದ ಸ್ಟಾಪ್‌ಲಾಗ್ ಕೂರಿಸುವವರೆಗೂ ಅವರು ಟಿವಿ ಮುಂದಿನಿಂದ ಏಳಲಿಲ್ಲ. ಹರಿಯುವ ನೀರಿನಲ್ಲಿ ಗೇಟು ಇಳಿಸಿದ ಆ ಕೆಲಸಗಾರರಿಗೆ ಪದಕ ಕೊಡಬೇಕೆಂದು ಬಂದವರಿಗೆಲ್ಲ ಹೇಳುತ್ತಿದ್ದರು.

ಕಾಯಿಲೆ ಹೆಚ್ಚಾದ ಮೇಲೂ ನೀವು ಅವರ ಬಳಿ ಕಾಗದಗಳನ್ನು ತರುವುದನ್ನು ನಿಲ್ಲಿಸಲಿಲ್ಲ. ರೋಗಿಗೆ ವಿಶ್ರಾಂತಿ ಬೇಕೆಂದು ಆಗ ನಮಗೆ ಸಿಟ್ಟು ಬಂದದ್ದುಂಟು. ಆದರೆ ಹಾಸಿಗೆಯಲ್ಲಿ ದಿಂಬಿಗೆ ಒರಗಿ ಆ ಕಾಗದಗಳನ್ನು ಓದಲು ಕನ್ನಡಕ ಕೇಳಿ ಪಡೆದ ದಿನಗಳಲ್ಲಿ ಅವರು ಎರಡು ತುತ್ತು ಹೆಚ್ಚು ಉಣ್ಣುತ್ತಿದ್ದರು ಎಂಬುದನ್ನು ಮೊದಲು ಗಮನಿಸಿದವರು ತಾಯಿಯವರು. ಅದಕ್ಕಾಗಿ ವಿಶೇಷವಾಗಿ ನಿಮಗೆ ಋಣಿಯಾಗಿದ್ದೇವೆ.

ಅವರ ಬಳಿ ಕೊಟ್ಟಿದ್ದ ಅರ್ಜಿ, ಪಾಸ್‌ಪುಸ್ತಕ, ಡಿಸ್ಚಾರ್ಜ್ ಬುಕ್‌ಗಳನ್ನು ಹೆಸರು ಬರೆದು ಪ್ರತ್ಯೇಕ ಲಕೋಟೆಗಳಲ್ಲಿ ಇಟ್ಟಿದ್ದೇವೆ. ಸಂಬಂಧಪಟ್ಟವರು ಮನೆಗೆ ಬಂದು ಪಡೆಯಬಹುದು. ಅರ್ಧಕ್ಕೆ ನಿಂತಿರುವ ಅರ್ಜಿಗಳನ್ನು ಪೂರ್ತಿಗೊಳಿಸಿಕೊಡಲು ಅವರ ಸ್ನೇಹಿತರಾದ ನಿವೃತ್ತ ಸುಬೇದಾರರೊಬ್ಬರು ಒಪ್ಪಿ, ಭಾನುವಾರಗಳಂದು ನಮ್ಮ ಕಟ್ಟೆಯಲ್ಲಿಯೇ ಕೂರುವುದಾಗಿ ತಿಳಿಸಿದ್ದಾರೆ. ಚಹಾ ನಮ್ಮ ಮನೆಯದೇ.