ಹೊಸ ಸರ್ವರ್ ತರೋ ಮೊದ್ಲು ಡಿಸ್ಕ್ ನೋಡಿ

ಸಂಪಾದಕರಿಗೆ ನಮಸ್ಕಾರ,

ಯಾವ್ದೇ ಆನ್‌ಲೈನ್ ಸೇವೆ ತಡ ಆದ್ರೂ "ಸರ್ವರ್ ಸ್ಲೋ ಇದೆ" ಅಂತ ಹೇಳಿ ಕೈತೊಳ್ಕೊಳ್ತಾರೆ, ಯಾಕೆ ಸ್ಲೋ ಅಂತ ಯಾರೂ ಹುಡುಕಲ್ಲ, ಡೇಟಾಬೇಸ್ ನೋಡ್ಕೊಳ್ಳೋ ಕೆಲಸದಲ್ಲಿರೋ ನಂಗೆ ಇದು ನಿಜಕ್ಕೂ ಬೇಜಾರು.

ನಮ್ಮಲ್ಲೂ ಹಿಂಗೇ ಆಯ್ತು. ಎರಡು ಸೆಕೆಂಡಲ್ಲಿ ಬರ್ತಿದ್ದ ರಿಪೋರ್ಟ್‌ಗೆ ಒಂದು ನಿಮಿಷ, ಎಲ್ರೂ ಹೊಸ ಮಷೀನ್ ತರೋಣ ಅಂದ್ರು. ನೋಡಿದ್ರೆ ಸಿಪಿಯು ಖಾಲಿ ಕೂತಿದೆ, ಡಿಸ್ಕಿಗೋಸ್ಕರ ಕಾಯ್ತಾ ಇದೆ ಅಷ್ಟೆ. ದೊಡ್ಡ ಫೈಲ್ ಓದಿಸಿ ಟೆಸ್ಟ್ ಮಾಡಿದ್ವಿ, ಸ್ಪೀಡ್ ಚೆನ್ನಾಗೇ ಬಂತು, ಆದ್ರೆ ಅದು ಡಿಸ್ಕಿಂದ ಬಂದಿದ್ದಲ್ಲ, ಆಗ್ಲೇ ರ‍್ಯಾಮ್‌ನಲ್ಲಿದ್ದ ಫೈಲು! ಇಲ್ಲೇ ತುಂಬಾ ಜನ ಮೋಸ ಹೋಗೋದು. ಆಮೇಲೆ ಐಓಸ್ಟ್ಯಾಟ್ (ಡಿಸ್ಕ್ ಎಷ್ಟು ಹೊತ್ತು ತಗೊಳ್ತಿದೆ ಅಂತ ತೋರಿಸೋ ಟೂಲ್) ಹಾಕಿ ಕೂತ್ರೆ ಒಂದೊಂದು ರೀಡ್‌ಗೆ 8 ಮಿಲಿಸೆಕೆಂಡ್ ಇದ್ದದ್ದು 90 ಆಗಿತ್ತು. ನಮ್ಮ ರೇಡ್ 5ರಲ್ಲಿ (ಹಲವು ಡಿಸ್ಕಿಗೆ ಡೇಟಾ ಹಂಚಿ, ಒಂದು ಕೆಟ್ರೂ ಡೇಟಾ ಉಳಿಯೋ ಹಾಗೆ ಮಾಡೋ ವ್ಯವಸ್ಥೆ) ಒಂದು ಡಿಸ್ಕ್ ಸದ್ದಿಲ್ದೆ ಸತ್ತಿತ್ತು, ಅದ್ರಲ್ಲಿದ್ದ ಡೇಟಾ ಬೇಕಂದ್ರೆ ಮಿಕ್ಕ ಎಲ್ಲಾ ಡಿಸ್ಕ್‌ನೂ ಓದಿ ಲೆಕ್ಕ ಹಾಕ್ಬೇಕು, ತಡ ಆಗ್ದೆ ಇನ್ನೇನಾಗುತ್ತೆ.

ಡಿಸ್ಕ್ ಸರಿ ಇದ್ರೂ ಅದಕ್ಕೊಂದು ಮಿತಿ ಇದೆ. 7200 ಆರ್‌ಪಿಎಂ (ನಿಮಿಷಕ್ಕೆ 7200 ಸುತ್ತು) ಡಿಸ್ಕ್ ಅರ್ಧ ಸುತ್ತು ತಿರುಗೋಕೇ 4 ಮಿಲಿಸೆಕೆಂಡ್ ಬೇಕು, ಡೇಟಾ ಓದೋ ಹೆಡ್ ಸರಿಯೋ ಟೈಮ್ ಬೇರೆ, ಅಲ್ಲಲ್ಲಿ ಚದುರಿದ ಡೇಟಾ ಓದೋದಾದ್ರೆ ಸೆಕೆಂಡಿಗೆ ಸುಮಾರು ನೂರು ರೀಡ್ ಅಷ್ಟೇ.

ಇನ್ನೊಂದು ಡಿಸ್ಕ್ ಹೋಗಿದ್ರೆ ಡೇಟಾನೇ ಹೋಗ್ತಿತ್ತು. ದಯವಿಟ್ಟು ರೇಡ್ ಅಲರ್ಟ್‌ಗಳನ್ನ ಯಾರೂ ನೋಡದ ಮೇಲ್‌ಬಾಕ್ಸಿಗೆ ಕಳಿಸ್ಬೇಡಿ, ನಮ್ಮದು ಅಲ್ಲೇ ಓದದೆ ಬಿದ್ದಿತ್ತು.

ಇಂತಿ,
ಒಬ್ಬ ಓದುಗ